ಕಡ್ಡಾಯ ಯಾರಿಗೆ? ಸಂಸತ್ತಿನ ಮಾತು, ನಮ್ಮ ಕಡೆಯ ಹಾಜರಿ ಪುಸ್ತಕ

ಶಹಾಪುರ, ಸುರಪುರದ ಕಡೆ ಹತ್ತಿ ಒಡೆಯುವ ಹೊತ್ತಿಗೆ, ಅಂದರೆ ದೀಪಾವಳಿಯ ಹಿಂದೆ ಮುಂದೆ, ಮಾಸ್ತರರು ಮನೆ ಮನೆ ತಿರುಗಲು ಶುರು ಮಾಡುತ್ತಾರೆ. ಆಗ ಬಾಗಿಲಲ್ಲಿ ಕೇಳಿಬರುವ ಮಾತು ಬಹುತೇಕ ಒಂದೇ: ‘ಸಾಲಿಗಿ ಕಳಿಸಲಿಲ್ಲಂದ್ರ ಕೇಸ್ ಆಗ್ತದ ನೋಡವ್ವ, ಕಡ್ಡಾಯ ಅದ.’ ರೇಷನ್ ಕಾರ್ಡ್ ಬಂದ್ ಆಗುತ್ತದೆ ಅಂತ ಸೇರಿಸುವವರೂ ಇದ್ದಾರೆ. ಒಳಗಿನಿಂದ ಬರುವ ಉತ್ತರವೂ ಬಹುತೇಕ ಒಂದೇ: ‘ಸಣ್ಣ ಕೂಸಿನ್ನ ಯಾರ್ ನೋಡ್ಬೇಕ್ರಿ ಸರ?’

ಈ ಎರಡರಲ್ಲಿ ಕಾನೂನಿಗೆ ಹತ್ತಿರ ಇರುವುದು ಆ ತಾಯಿಯ ಪ್ರಶ್ನೆ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ತೆಗೆದು 8ನೇ ಕಲಂ ಓದಿ. (ಊರಲ್ಲಿ ಆರ್‌ಟಿಇ ಅನ್ನುವುದು ಇದಕ್ಕೇ. ಆದರೆ ಬಹಳ ಮಂದಿಗೆ ಆರ್‌ಟಿಇ ಅಂದರೆ ಖಾಸಗಿ ಶಾಲೆಯ ಸೀಟು ಅಷ್ಟೇ.) ‘ಕಡ್ಡಾಯ ಶಿಕ್ಷಣ’ ಅಂದರೇನು ಎಂಬ ವಿವರಣೆ ಅಲ್ಲೇ ಇದೆ. 6ರಿಂದ 14 ವರ್ಷದ ಪ್ರತಿ ಮಗುವಿಗೆ ಎಂಟನೇ ತರಗತಿಯವರೆಗೆ ಉಚಿತವಾಗಿ ಕಲಿಸುವುದು, ಮಗು ಸೇರುವಂತೆ, ದಿನಾ ಬರುವಂತೆ, ಕಲಿಕೆ ಮುಗಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಕಡ್ಡಾಯ ಎಂಬ ಪದದ ಭಾರ ಬಿದ್ದಿರುವುದು ಸರ್ಕಾರದ ಹೆಗಲ ಮೇಲೆ. ಪಾಲಕರ ಮಾತು ಬರುವುದು 10ನೇ ಕಲಮಿನಲ್ಲಿ, ಅದೂ ಒಂದೇ ವಾಕ್ಯ: ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿ ತಂದೆ ತಾಯಿಯ ಕರ್ತವ್ಯ. ತಪ್ಪಿದರೆ ಈ ಕಾಯ್ದೆಯಲ್ಲಿ ದಂಡವಿಲ್ಲ, ಜೈಲಿಲ್ಲ. ರೇಷನ್ ಬಗ್ಗೆ ಒಂದು ಅಕ್ಷರವೂ ಇಲ್ಲ. ದಂಡ ಇರುವುದು ಶಾಲೆಗೆ: ಸೇರಿಸಿಕೊಳ್ಳಲು ಮಗುವಿಗೋ ಪಾಲಕರಿಗೋ ಪರೀಕ್ಷೆ ಇಟ್ಟರೆ ಮೊದಲ ಸಲ 25,000 ರೂಪಾಯಿವರೆಗೆ, ಮತ್ತೆ ಮಾಡಿದರೆ ಪ್ರತಿ ಸಲ 50,000ದವರೆಗೆ.

ಪಾಲಕರ ಮೇಲಿನ ದಂಡ ಕಣ್ತಪ್ಪಿ ಬಿಟ್ಟುಹೋದದ್ದಲ್ಲ. ನೂರು ವರ್ಷ ಇದರ ಮೇಲೆ ಜಗ್ಗಾಟ ನಡೆದಿದೆ. ಆ ಜಗ್ಗಾಟ ಗೊತ್ತಿದ್ದರೆ ಬಾಗಿಲಲ್ಲಿ ನಿಂತು ಆಡುವ ಮಾತು ಬದಲಾಗುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿರುವುದು.

1911ರ ಮಾರ್ಚ್ 16ರಂದು ಗೋಪಾಲಕೃಷ್ಣ ಗೋಖಲೆಯವರು ಇಂಪೀರಿಯಲ್ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. ಬಹಳ ಎಚ್ಚರದ ಮಸೂದೆ ಅದು. ಇಡೀ ದೇಶಕ್ಕೆ ಒಮ್ಮೆಲೇ ಕಡ್ಡಾಯ ಅನ್ನಲಿಲ್ಲ. ಎಲ್ಲಿ ಆಗಲೇ ಒಂದು ಪ್ರಮಾಣದ ಮಕ್ಕಳು ಶಾಲೆಗೆ ಬರುತ್ತಿದ್ದಾರೋ ಅಲ್ಲಿ ಮಾತ್ರ, ಸ್ಥಳೀಯ ಸಂಸ್ಥೆ ಒಪ್ಪಿದರೆ ಮಾತ್ರ, 6ರಿಂದ 10 ವರ್ಷದ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಆಮೇಲೆ ವಿಸ್ತರಿಸಬಹುದಿತ್ತು. ತಿಂಗಳಿಗೆ 10 ರೂಪಾಯಿಗಿಂತ ಕಡಿಮೆ ಆದಾಯದ ತಂದೆಯಿಂದ ಫೀ ತೆಗೆದುಕೊಳ್ಳಬಾರದು ಎಂದೂ ಇತ್ತು. ಅದು ಮುಖ್ಯ, ಯಾಕಂದರೆ ಫೀ ಇಟ್ಟುಕೊಂಡು ಕಡ್ಡಾಯ ಮಾಡಿದ ದೇಶ ಕಣ್ಣೆದುರಿಗಿತ್ತು. ಇಂಗ್ಲೆಂಡ್ 1876ರ ಕಾನೂನಿನಲ್ಲಿ ಮಗುವಿಗೆ ಓದು, ಬರಹ, ಲೆಕ್ಕ ಕಲಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಬರೆಯಿತು, 1880ರಲ್ಲಿ 5ರಿಂದ 10 ವರ್ಷದ ಮಕ್ಕಳಿಗೆ ಹಾಜರಿ ಕಡ್ಡಾಯ ಮಾಡಿತು. ಆದರೆ ಅಲ್ಲಿನ ಹೆಚ್ಚಿನ ಪ್ರಾಥಮಿಕ ಶಾಲೆಗಳಲ್ಲಿ ಫೀ ಹೋದದ್ದು 1891ರಲ್ಲಿ. ನಡುವಿನ ಹನ್ನೊಂದು ವರ್ಷ ಬಡವನಿಗೆ ಕಳಿಸಿದರೆ ಫೀ, ಕಳಿಸದಿದ್ದರೆ ದಂಡ. ಗೋಖಲೆಯವರ ಮಸೂದೆ 1912ರ ಮಾರ್ಚ್‌ನಲ್ಲಿ 13 ಮತ, 38 ಮತ ಎಂದು ಬಿದ್ದುಹೋಯಿತು. ಬೀಳುತ್ತದೆ ಅಂತ ಗೊತ್ತಿದ್ದೂ ಅವರು ಪೂರ್ತಿ ವಾದ ಮಂಡಿಸಿದರು.

ಆ ಮತದಾನ ನಮಗೆ ತಟ್ಟಲಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮರ ಸಂಸ್ಥಾನ. ಪಕ್ಕದ ವಿಜಯಪುರ ಮುಂಬಯಿ ಪ್ರಾಂತದಲ್ಲಿತ್ತು, ಅಲ್ಲಿಗೆ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ 1918ರಲ್ಲೇ ಕಡ್ಡಾಯ ಶಿಕ್ಷಣದ ಕಾನೂನು ಬಂತು. ಬರೋಡಾ ಸಂಸ್ಥಾನದಲ್ಲಂತೂ ಸಯಾಜಿರಾವ್ ಗಾಯಕವಾಡರು 1906ರಲ್ಲೇ ಇಡೀ ರಾಜ್ಯಕ್ಕೆ ಕಡ್ಡಾಯ ಮಾಡಿದ್ದರು. ನಮ್ಮ ಕಡೆ ಹೈದರಾಬಾದ್ ರಾಜ್ಯದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂದದ್ದು 1952ರಲ್ಲಿ, ರಾಜ್ಯ ಒಂದಾದ ಮೇಲೆ 1961ರಲ್ಲಿ ಎಲ್ಲ ಪ್ರಾಂತಗಳಿಗೂ ಸೇರಿ ಒಂದು ಕಾಯ್ದೆ. ಆ ಕಾಲದ ಕಾನೂನುಗಳ ಅಚ್ಚು ಒಂದೇ: ಹಾಜರಾತಿ ಅಧಿಕಾರಿ, ನೋಟಿಸು, ಆದೇಶ, ಮೀರಿದರೆ ಪಾಲಕರಿಗೆ ದಂಡ. ಬಾಗಿಲಲ್ಲಿ ಇವತ್ತಿಗೂ ಕೇಳಿಸುವ ‘ಕೇಸ್ ಆಗ್ತದ’ ಎಂಬ ಮಾತಿನ ಬೇರು ಅಲ್ಲಿದೆ. ಕಾಗದದ ಮೇಲಿನ ಆ ದಂಡದಿಂದ ತಾಂಡಾದ ಮಗು ಶಾಲೆಗೆ ಬರಲಿಲ್ಲ. ಬಂದಿದ್ದರೆ 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇಕಡಾ 51.83ಕ್ಕೆ ನಿಂತು ರಾಜ್ಯದಲ್ಲೇ ಕೊನೆಗೆ ಉಳಿಯುತ್ತಿರಲಿಲ್ಲ.

ಸಂವಿಧಾನ ಸಭೆಯ 1948ರ ನವೆಂಬರ್ 23ರ ಚರ್ಚೆ ಚಿಕ್ಕದು, ಆದರೆ ನಮ್ಮ ಹತ್ತಿ ಹೊಲಕ್ಕೆ ನೇರ ಬರುತ್ತದೆ. ಕರಡಿನಲ್ಲಿ ‘ಪ್ರತಿ ನಾಗರಿಕನೂ ಉಚಿತ ಪ್ರಾಥಮಿಕ ಶಿಕ್ಷಣಕ್ಕೆ ಹಕ್ಕುದಾರ’ ಎಂಬರ್ಥದ ಮಾತಿತ್ತು. ಇದು ನಿರ್ದೇಶಕ ತತ್ವಗಳ, ಅಂದರೆ ಕೋರ್ಟಿಗೆ ಹೋಗಿ ಕೇಳಲಾಗದ ಗುರಿಗಳ ಭಾಗ, ಇಲ್ಲಿ ಹಕ್ಕು ಎಂಬ ಪದ ಕೂಡುವುದಿಲ್ಲ ಎಂದು ಲಕ್ಷ್ಮೀಕಾಂತ ಮೈತ್ರ ತಿದ್ದುಪಡಿ ತಂದರು, ಅಂಬೇಡ್ಕರ್ ಒಪ್ಪಿದರು. ಹಕ್ಕು ಹೋಯಿತು, ‘ಹತ್ತು ವರ್ಷದೊಳಗೆ ಸರ್ಕಾರ ಪ್ರಯತ್ನಿಸತಕ್ಕದ್ದು’ ಎಂಬುದು ಉಳಿಯಿತು. ಹದಿನಾಲ್ಕು ವರ್ಷದವರೆಗೆ ಯಾಕೆ, ಪ್ರಾಥಮಿಕ ಹಂತಕ್ಕೆ ಸಾಕು ಎಂದು ನಜಿರುದ್ದೀನ್ ಅಹ್ಮದ್ ಕೇಳಿದಾಗ ಅಂಬೇಡ್ಕರ್ ಬಿಡಲಿಲ್ಲ. ಹದಿನಾಲ್ಕರ ಒಳಗಿನ ಮಗುವನ್ನು ದುಡಿಮೆಗೆ ಇಟ್ಟುಕೊಳ್ಳಬಾರದು ಎಂದು ಬೇರೆ ವಿಧಿಯಲ್ಲಿ ಹೇಳಿದ್ದೇವೆ, ಕೆಲಸದಿಂದ ಬಿಡಿಸಿದ ಮಗು ಶಾಲೆಯಲ್ಲಿರಬೇಕು ಎಂಬುದು ಅವರ ವಾದ. ದುಡಿಮೆಯ ಬಾಗಿಲು ಮುಚ್ಚುವುದು, ಶಾಲೆಯ ಬಾಗಿಲು ತೆರೆಯುವುದು ಒಂದೇ ಕೆಲಸದ ಎರಡು ಕೈ. ಇವೆರಡನ್ನು ಬೇರೆ ಬೇರೆ ಇಲಾಖೆಗೆ ಹಂಚಿದ್ದರಿಂದಲೇ ಕಾರ್ಮಿಕ ಇಲಾಖೆಯವರು ಬಿಡಿಸಿದ ಮಗುವಿನ ಹೆಸರು ಎಷ್ಟೋ ಸಲ ಹಾಜರಿ ಪುಸ್ತಕಕ್ಕೆ ಬರುವುದೇ ಇಲ್ಲ.

ಇನ್ನು 2001ರ ನವೆಂಬರ್ 28. ಆ ದಿನ ಲೋಕಸಭೆ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡುವ ಸಂವಿಧಾನ ತಿದ್ದುಪಡಿಯನ್ನು ಅಂಗೀಕರಿಸಿತು. ಮಾನವ ಸಂಪನ್ಮೂಲ ಸಚಿವರಾಗಿದ್ದವರು ಮುರಳಿ ಮನೋಹರ ಜೋಶಿ. ಹಕ್ಕಿಗೆ ಎದುರು ನಿಂತವರು ಯಾರೂ ಇಲ್ಲ. ತಕರಾರು ಎದ್ದದ್ದು ಎರಡು ಕಡೆ. ಹಕ್ಕು 6 ವರ್ಷದಿಂದ ಶುರುವಾಗುತ್ತದೆ, ಅದರ ಕೆಳಗಿನ ಕೂಸುಗಳ ಗತಿ ಏನು ಎಂಬುದು ಮೊದಲನೆಯದು. ನಾಗರಿಕರ ಮೂಲಭೂತ ಕರ್ತವ್ಯಗಳಿರುವ 51ಎ ವಿಧಿಗೆ ‘ಕೆ’ ಎಂದು ಸೇರಿಸಿ ತಂದೆ ತಾಯಿಯ ಕರ್ತವ್ಯ ಬರೆಯುತ್ತಿದ್ದಾರಲ್ಲ, ಸರ್ಕಾರ ಮಾಡಬೇಕಾದದ್ದನ್ನು ಬಡವರ ತಲೆಗೆ ಕಟ್ಟಿದಂತಾಗುವುದಿಲ್ಲವೇ ಎಂಬುದು ಎರಡನೆಯದು. ಎರಡೂ ತಕರಾರು ಗೆಲ್ಲಲಿಲ್ಲ. ಆ ತಿದ್ದುಪಡಿ 2002ರ ಡಿಸೆಂಬರ್‌ನಲ್ಲಿ 86ನೇ ತಿದ್ದುಪಡಿಯಾಗಿ ಹೊರಬಂತು, ಜಾರಿಗೆ ಬರಲು 2010ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು.

ಅದೇ ದಿನ, ಅದೇ 2001ರ ನವೆಂಬರ್ 28ರಂದು, ಸುಪ್ರೀಂ ಕೋರ್ಟ್ ಆಹಾರದ ಹಕ್ಕಿನ ಪ್ರಕರಣದಲ್ಲಿ ಇನ್ನೊಂದು ಆದೇಶ ಕೊಟ್ಟಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ಬೇಯಿಸಿದ ಊಟ, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕ ಅದನ್ನು 2002ರ ಜೂನ್‌ನಲ್ಲಿ ಮೊದಲು ಶುರು ಮಾಡಿದ್ದು ನಮ್ಮ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ, ಅಕ್ಷರ ದಾಸೋಹ ಎಂಬ ಹೆಸರಿನಲ್ಲಿ. ದಾಸೋಹ ಅಂದರೆ ಏನು ಅಂತ ಶರಣಬಸವೇಶ್ವರರ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಸೇರಿದ್ದೂ ಮೊದಲು ಈ ಭಾಗದಲ್ಲೇ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಒಂದೇ ದಿನ ದಿಲ್ಲಿಯ ಒಂದು ಕಟ್ಟಡದಲ್ಲಿ ಪಾಲಕರಿಗೆ ಕರ್ತವ್ಯ ಬರೆದರು, ಇನ್ನೊಂದರಲ್ಲಿ ಮಗುವಿನ ತಟ್ಟೆಗೆ ಅನ್ನ ಬರೆದರು. ಮಗುವನ್ನು ಶಾಲೆಗೆ ತಂದದ್ದು ತಟ್ಟೆ ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

2009ರ ಕಾಯ್ದೆಗೆ ಮುಂಚೆ ಒಂದು ಕರಡು ತಯಾರಾಗಿತ್ತು, 2005ರಲ್ಲಿ. ಮತ್ತೆ ಮತ್ತೆ ಹೇಳಿದರೂ ಮಗುವನ್ನು ಕಳಿಸದ ಪಾಲಕರಿಂದ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸಮುದಾಯ ಸೇವೆ ಮಾಡಿಸಬಹುದು ಎಂದು ಅದರಲ್ಲಿತ್ತು. ಕೂಲಿ ಬಿಟ್ಟು ಬರಲಾಗದ್ದಕ್ಕೇ ಮಗುವನ್ನು ಹೊಲಕ್ಕೆ ಕರೆದೊಯ್ಯುವ ತಾಯಿಗೆ ಕೂಲಿ ಬಿಡಿಸಿ ಶಾಲೆಯಲ್ಲಿ ಕೂರಿಸುವುದು! ಸಂಸತ್ತಿಗೆ ಬಂದ ಮಸೂದೆಯಲ್ಲಿ ಅದು ಇರಲಿಲ್ಲ. ರಾಜ್ಯಸಭೆ 2009ರ ಜುಲೈ 20ರಂದು, ಲೋಕಸಭೆ ಆಗಸ್ಟ್ 4ರಂದು ಒಪ್ಪಿದ ಕಾಯ್ದೆಯಲ್ಲಿ ಪಾಲಕರಿಗೆ ಕರ್ತವ್ಯ ಉಳಿಯಿತು, ಶಿಕ್ಷೆ ಉಳಿಯಲಿಲ್ಲ. ಕರ್ತವ್ಯ ಬೇಡವಾಗಿತ್ತು ಅಂತ ನಾವು ಹೇಳುವುದಿಲ್ಲ. ಹೆಣ್ಣುಮಗಳನ್ನು ಏಳನೇ ತರಗತಿಗೆ ಬಿಡಿಸಿ ಮನೆಯಲ್ಲಿ ಕೂರಿಸುವ ತಂದೆಗೆ, ಬಡತನದ ಕಾರಣವೂ ಇಲ್ಲದಿದ್ದಾಗ, ಇದು ನಿನ್ನ ಕರ್ತವ್ಯ ಎಂದು ತೋರಿಸಲು ಒಂದು ಸಾಲು ಬೇಕು. ಆದರೆ ಆ ಸಾಲನ್ನು 8 ಮತ್ತು 9ನೇ ಕಲಮುಗಳ ಜೊತೆ ಸೇರಿಸಿ ಓದಬೇಕು. 9ನೇ ಕಲಂ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಕೆಲಸಗಳ ಉದ್ದ ಪಟ್ಟಿ. ತನ್ನ ವ್ಯಾಪ್ತಿಯ 14 ವರ್ಷದೊಳಗಿನ ಎಲ್ಲ ಮಕ್ಕಳ ದಾಖಲೆ ಇಡಬೇಕು, ಹಾಜರಿ ಗಮನಿಸಬೇಕು, ವಲಸೆ ಬಂದವರ ಮಕ್ಕಳನ್ನು ಸೇರಿಸಬೇಕು. ನಿಮ್ಮ ಗ್ರಾಮಸಭೆಯಲ್ಲಿ ಆ ದಾಖಲೆ ತೋರಿಸಿ ಎಂದು ಒಮ್ಮೆ ಕೇಳಿ ನೋಡಿ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. 6ರ ಕೆಳಗಿನ ಕೂಸುಗಳನ್ನು ಹಕ್ಕಿನಿಂದ ಹೊರಗಿಟ್ಟದ್ದು ದಿಲ್ಲಿಯಲ್ಲಿ ಒಂದು ತಿದ್ದುಪಡಿಯ ಪದ. ಇಲ್ಲಿ ಅದು ಹತ್ತು ವರ್ಷದ ಅಕ್ಕನ ಸೊಂಟದ ಮೇಲೆ ಕೂತಿದೆ. ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಯವರನ್ನು ಹೊಲಕ್ಕೆ ಒಯ್ಯುವ ಟಂಟಂ ಆಟೊ ಊರಿಗೆ ಬರುವುದು ಬೆಳಿಗ್ಗೆ ಎಂಟರ ಒಳಗೆ. ಅಂಗನವಾಡಿ ಬಾಗಿಲು ತೆರೆಯುವ ಹೊತ್ತಿಗೆ ತಾಯಿ ಹೊಲದಲ್ಲಿರುತ್ತಾಳೆ. ಮೂರು ವರ್ಷದೊಳಗಿನ ಕೂಸನ್ನು ಅಂಗನವಾಡಿಯಲ್ಲಿ ದಿನಪೂರ್ತಿ ಇಟ್ಟುಕೊಳ್ಳುವುದಿಲ್ಲ, ಅವರಿಗೆ ಮನೆಗೆ ಒಯ್ಯುವ ಆಹಾರ ಅಷ್ಟೇ. ಹಾಗಾಗಿ ಅಕ್ಕ ಉಳಿಯುತ್ತಾಳೆ. ಹಾಜರಿ ಪುಸ್ತಕ ತೆರೆದು ಅಕ್ಟೋಬರ್‌ನಿಂದ ಜನವರಿಯ ಪುಟ ನೋಡಿ: ಮೂರನೇ ತರಗತಿಯಿಂದ ಏಳರವರೆಗಿನ ಹುಡುಗಿಯರ ಸಾಲುಗಳಲ್ಲಿ ಗೈರು ಗುರುತು ಬಿಡಿ ಬಿಡಿಯಾಗಿ ಇರುವುದಿಲ್ಲ, ವಾರಗಟ್ಟಲೆ ಒಂದೇ ಗೆರೆಯಾಗಿ ಹೋಗಿರುತ್ತದೆ. ನಡುವೆ ಒಂದು ದಿನ ಹಾಜರಿ ಬಿದ್ದಿದ್ದರೆ ಅದು ಸಂತೆಯ ದಿನವಾಗಿರುತ್ತದೆ, ಕೂಲಿ ಇಲ್ಲದ ದಿನ. ತರಗತಿಯ ಸರಾಸರಿ ಶೇಕಡಾವಾರು ತೆಗೆದರೆ ಇದೆಲ್ಲ ಮುಚ್ಚಿಹೋಗುತ್ತದೆ. ಸಾಲು ಸಾಲಾಗಿ ಓದಿದರೆ ಯಾವ ಮನೆಗೆ ಯಾವ ತೊಂದರೆ ಅಂತ ಪುಸ್ತಕವೇ ಹೇಳುತ್ತದೆ.

ಇದಕ್ಕೆ ಈಗಲೇ ಮಾಡಬಹುದಾದ ಕೆಲಸಗಳಿವೆ. ನರೇಗಾ ಕೂಲಿಯ ತಾಯಂದಿರ ಚಿಕ್ಕ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು 2023ರಿಂದ ತೆರೆಯುತ್ತಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಇದ್ದರೆ ಅದು ತೆರೆಯುವ ಹೊತ್ತು ಟಂಟಂ ಹೊರಡುವ ಹೊತ್ತಿಗೆ ಹೊಂದಿದೆಯೇ ನೋಡಿ. ಹತ್ತು ಗಂಟೆಗೆ ತೆರೆದರೆ ಯಾರಿಗೂ ಉಪಯೋಗವಿಲ್ಲ. ಎರಡನೆಯದು, ಅಕ್ಕನ ಜೊತೆ ಬಂದ ನಾಲ್ಕು ವರ್ಷದ ತಮ್ಮನನ್ನು ಗದರಿಸಿ ಕಳಿಸದಿರುವುದು. ಸಣ್ಣ ತರಗತಿಯ ಮಕ್ಕಳು ಆಟದೊಂದಿಗೆ ಕಲಿಯುವ ನಲಿಕಲಿ ಕೋಣೆಯಲ್ಲಿ ಚಾಪೆ ಇರುತ್ತದೆ, ಒಂದು ಮೂಲೆಯಲ್ಲಿ ಕೂತರೆ ನಾಲ್ಕು ತಿಂಗಳು ಕಳೆದುಹೋಗುತ್ತದೆ. ತಮ್ಮನನ್ನು ಹೊರಗೆ ಕಳಿಸಿದ ದಿನ ಅಕ್ಕನೂ ಹೋಗುತ್ತಾಳೆ. ಇದು ಪರಿಹಾರವಲ್ಲ, ಆಸರೆ. ಆದರೂ ಆ ಹುಡುಗಿಯ ಆ ವರ್ಷ ಉಳಿಯುತ್ತದೆ.

ದುಡಿಯುವ ಮಕ್ಕಳ ಲೆಕ್ಕ ಬೇರೆ. ಹತ್ತಿಯನ್ನು ದಿನಗೂಲಿಗೆ ಬಿಡಿಸುವ ಕಡೆ ಮಗು ಬಂದರೂ ಬರದಿದ್ದರೂ ತಾಯಿಯ ಕೂಲಿ ಅಷ್ಟೇ. ಕಿಲೋ ಲೆಕ್ಕಕ್ಕೆ ಬಿಡಿಸುವ ಕಡೆ ಹಾಗಲ್ಲ. ತಾಯಿ ದಿನಕ್ಕೆ 40 ಕಿಲೋ ಬಿಡಿಸಿದಳು, ಮಗಳು 15 ಕಿಲೋ ಬಿಡಿಸಿದಳು ಅನ್ನಿ. ಸಂಜೆ ತಕ್ಕಡಿಗೆ 55 ಬೀಳುತ್ತದೆ, ಒಂದೇ ಹೆಸರಿನಲ್ಲಿ. ಮಾಲೀಕನ ವಹಿಯಲ್ಲಿ ಮಗುವೇ ಇಲ್ಲ. ಆ ಮಗುವನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ನಡುವಿಗೆ ಕಟ್ಟಿದ ಹಳೆ ಸೀರೆಯ ಜೋಳಿಗೆ, ಒಡೆದ ಕಾಯಿಯ ಒಣಗಿದ ತುದಿ ಚುಚ್ಚಿ ಉಗುರಿನ ಸುತ್ತ ಸೀಳಿದ ಚರ್ಮ. ಫೆಬ್ರುವರಿಯಲ್ಲಿ ಶಾಲೆಗೆ ಬಂದಾಗ ಪೆನ್ಸಿಲ್ ಹಿಡಿಯಲು ಆ ಬೆರಳು ಅಂಜುತ್ತವೆ. ಅದರ ಹಿಂದೆಯೇ ಮೆಣಸಿನಕಾಯಿ ಬಿಡಿಸುವ ಕೆಲಸ ಬರುತ್ತದೆ.

ಇಲ್ಲಿ ಕಾನೂನು ಏನು ಹೇಳುತ್ತದೆ? 1986ರ ಬಾಲಕಾರ್ಮಿಕ ಕಾಯ್ದೆ ಪಟ್ಟಿ ಮಾಡಿದ ಉದ್ಯೋಗಗಳನ್ನು ಮಾತ್ರ ನಿಷೇಧಿಸಿತ್ತು. ಹದಿನಾಲ್ಕರ ಒಳಗೆ ಯಾವ ಕೆಲಸವೂ ಬೇಡ ಎನ್ನುವ ತಿದ್ದುಪಡಿ ಮಸೂದೆಯನ್ನು 2012ರ ಡಿಸೆಂಬರ್ 4ರಂದು ರಾಜ್ಯಸಭೆಯಲ್ಲಿ ಮಂಡಿಸಿದವರು ಆಗ ಕಲಬುರಗಿಯ ಲೋಕಸಭಾ ಸದಸ್ಯರೂ ಕಾರ್ಮಿಕ ಸಚಿವರೂ ಆಗಿದ್ದ ಮಲ್ಲಿಕಾರ್ಜುನ ಖರ್ಗೆ. ಅದು ಪಾಸಾದದ್ದು 2016ರ ಜುಲೈನಲ್ಲಿ, ಬಂಡಾರು ದತ್ತಾತ್ರೇಯ ಸಚಿವರಾಗಿದ್ದಾಗ. ಆಗ ಹೆಚ್ಚು ಚರ್ಚೆಯಾದದ್ದು ಒಂದು ವಿನಾಯಿತಿ: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಮಗು ತನ್ನ ಕುಟುಂಬಕ್ಕೆ ಅಥವಾ ಕುಟುಂಬದ ಉದ್ಯಮಕ್ಕೆ ಸಹಾಯ ಮಾಡಬಹುದು. ಕುಟುಂಬ ಅಂದರೆ ಯಾರು ಎಂದೂ ಬರೆದಿದ್ದಾರೆ: ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ತಂದೆಯ ಒಡಹುಟ್ಟಿದವರು, ತಾಯಿಯ ಒಡಹುಟ್ಟಿದವರು. ಅಂದರೆ ಕಾಕಾನ ಹೊಲ, ಸೋದರಮಾವನ ಹೊಲ ಈ ಲೆಕ್ಕಕ್ಕೆ ಬರುತ್ತದೆ. ಗೌಡರ ಹೊಲ ಬರುವುದಿಲ್ಲ, ತಾಯಿ ಪಕ್ಕದಲ್ಲೇ ನಿಂತಿದ್ದರೂ ಬರುವುದಿಲ್ಲ. ಕಾಕಾನ ಹೊಲವಾದರೂ ಬೆಳಿಗ್ಗೆ ಹನ್ನೊಂದಕ್ಕೆ ಮಗು ಅಲ್ಲಿದ್ದರೆ ವಿನಾಯಿತಿ ಇಲ್ಲ, ಅದು ಶಾಲೆಯ ಹೊತ್ತು. ಶಿಕ್ಷೆಯ ಕ್ರಮವನ್ನೂ ಗಮನಿಸಿ: ಕೆಲಸಕ್ಕೆ ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಪಾಲಕರಿಗೆ ಮೊದಲ ಸಲ ಶಿಕ್ಷೆಯಿಲ್ಲ, ಮರಳಿ ಅದೇ ತಪ್ಪು ಮಾಡಿದರೆ 10,000ದವರೆಗೆ ದಂಡ. ‘ಕೇಸ್ ಆಗ್ತದ’ ಎಂಬ ಮಾತನ್ನು ಹೇಳಲೇಬೇಕಾದರೆ ಟಂಟಂ ಕಳಿಸುವವರಿಗೆ ಮೊದಲು ಹೇಳಬೇಕು. ಅವರ ಮನೆಗೆ ಮಾಸ್ತರರು ಹೋಗುವುದಿಲ್ಲ, ಹೋಗಲು ಅವರಿಗೆ ಬಲವೂ ಇಲ್ಲ. ಪಂಚಾಯಿತಿಯವರು, ಕಾರ್ಮಿಕ ನಿರೀಕ್ಷಕರು ಹೋಗಬೇಕು, ಅದೂ ಹತ್ತಿ ಒಡೆಯುವ ಮೊದಲು.

ಹಾಜರಿ ಪುಸ್ತಕದಲ್ಲೇ ಇನ್ನೊಂದು ಗಂಟಿದೆ, ಅದನ್ನು ಬಿಚ್ಚಿ ಹೇಳಬೇಕು. ಆರ್‌ಟಿಇ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಈ ಎಣಿಕೆ ದಾಖಲಾದ ಮಕ್ಕಳದ್ದು, ಬರುತ್ತಿರುವ ಮಕ್ಕಳದ್ದಲ್ಲ. ಒಂದು ತಾಂಡಾ ಶಾಲೆಯಲ್ಲಿ 92 ಹೆಸರಿವೆ, ದಿನಾ ಬರುವವರು 58 ಎಂದಿಟ್ಟುಕೊಳ್ಳಿ. ಪುಸ್ತಕದ ಲೆಕ್ಕಕ್ಕೆ 4 ಶಿಕ್ಷಕರು, ಬರುವವರ ಲೆಕ್ಕಕ್ಕೆ 2. ಮೂರು ತಿಂಗಳಿಂದ ಕಾಣದ ಮಗುವನ್ನು ‘ಶಾಲೆ ಬಿಟ್ಟಿದೆ’ ಎಂದು ಬರೆದರೆ ಶಾಲೆ ಒಂದು ಹುದ್ದೆ ಕಳೆದುಕೊಳ್ಳಬಹುದು. ಹೆಚ್ಚುವರಿ ಎಂದು ಶಿಕ್ಷಕರನ್ನು ಎತ್ತಿದ ಮೇಲೆ ಮರುವರ್ಷ ಮಗು ಬಂದರೂ ಶಿಕ್ಷಕರು ತಿರುಗಿ ಬರುವುದಿಲ್ಲ. ಹಾಗಾಗಿ ಮುಖ್ಯ ಶಿಕ್ಷಕರು ಹೆಸರು ತೆಗೆಯುವುದಿಲ್ಲ, ಕೆಲವು ಕಡೆ ನಡುನಡುವೆ ಹಾಜರಿಯನ್ನೂ ಹಾಕುತ್ತಾರೆ. ಅವರನ್ನು ಬೈದು ಉಪಯೋಗವಿಲ್ಲ, ಉಳಿದ ಮಕ್ಕಳಿಗೆ ಮಾಸ್ತರರು ಇರಲಿ ಎಂಬುದೇ ಅವರ ಕಾಳಜಿ. ಆದರೆ ಇದರಿಂದ ಆಗುವ ನಷ್ಟ ದೊಡ್ಡದು. ಪುಸ್ತಕದಲ್ಲಿ ಹೆಸರಿದ್ದ ಮಗು ಸಮೀಕ್ಷೆಯಲ್ಲಿ ಶಾಲೆಯಿಂದ ಹೊರಗುಳಿದ ಮಗು ಆಗುವುದಿಲ್ಲ. ಆಗದಿದ್ದರೆ ವಿಶೇಷ ತರಬೇತಿ ಇಲ್ಲ, ಪಾಲಕರು ಗುಳೆ (ಕೂಲಿಗೆ ವಲಸೆ) ಹೋದಾಗ ಮಕ್ಕಳು ಉಳಿಯುವ ಋತುಮಾನದ ವಸತಿ ನಿಲಯ ಇಲ್ಲ, ಯಾವ ಹಣವೂ ಇಲ್ಲ. ಇದಕ್ಕೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಮಾಡಬಹುದಾದದ್ದು ಒಂದಿದೆ. ಮೂಲ ಹಾಜರಿ ಪುಸ್ತಕ ಹಾಗೇ ಇರಲಿ, ತಿಂಗಳ ಸಭೆಯಲ್ಲಿ ಬೇರೆ ಒಂದು ಪಟ್ಟಿ ಮಾಡಿ: ವಾರಕ್ಕಿಂತ ಹೆಚ್ಚು ಬಾರದ ಮಗುವಿನ ಹೆಸರು, ಕಾರಣ, ಈಗ ಎಲ್ಲಿದೆ, ಯಾವಾಗ ಮರಳುತ್ತದೆ. ಹೆಸರು ತೆಗೆಯಬೇಡಿ, ಕಾರಣ ಬರೆಯಿರಿ. ಅದನ್ನು ನಡಾವಳಿ ಪುಸ್ತಕದಲ್ಲಿ ಠರಾವು ಮಾಡಿ ಸಹಿ ಹಾಕಿ, ಒಂದು ಪ್ರತಿ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಒಂದು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಡಿ.

ಗುಳೆ ಹೋಗುವವರ ವಿಷಯದಲ್ಲಿ ಪಾಲಕರ ಕರ್ತವ್ಯ ನಿಜವಾಗಿ ಕೆಲಸಕ್ಕೆ ಬರುತ್ತದೆ. ಆಳಂದ, ಚಿಂಚೋಳಿ, ಔರಾದ್ ಕಡೆಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು ಹೊರಡುವ ಮೊದಲೇ ಶಾಲೆಗೆ ಒಮ್ಮೆ ಹೋಗಬೇಕು. ಮೂರು ನಾಲ್ಕು ತಿಂಗಳಲ್ಲಿ ಮರಳುವುದಾದರೆ ಟಿಸಿ ತೆಗೆದುಕೊಳ್ಳಬೇಡಿ. ಊರಲ್ಲಿ ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು, ಋತುಮಾನದ ವಸತಿ ನಿಲಯ ಇದ್ದರೆ ಅಲ್ಲಿ ಹೆಸರು ಬರೆಸುವುದು ಎಲ್ಲಕ್ಕಿಂತ ಒಳ್ಳೆಯದು. ವರ್ಷವಿಡೀ ಹೋಗುವುದಾದರೆ ಟಿಸಿ ಕೇಳಿ. 5ನೇ ಕಲಮಿನ ಪ್ರಕಾರ ಮುಖ್ಯ ಶಿಕ್ಷಕರು ಕೂಡಲೇ ಕೊಡಬೇಕು, ತಡ ಮಾಡಿದರೆ ಅವರ ಮೇಲೆ ಶಿಸ್ತುಕ್ರಮ ಆಗಬಹುದು. ಟಿಸಿ ಬಂದಿಲ್ಲ ಅಂತ ಹೊಸ ಶಾಲೆ ನಿರಾಕರಿಸುವಂತಿಲ್ಲ. 14ನೇ ಕಲಮಿನ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತಲೂ, 15ರ ಪ್ರಕಾರ ವರ್ಷದ ನಡುವೆ ಬಂದಿದ್ದೀರಿ ಅಂತಲೂ ವಾಪಸ್ ಕಳಿಸುವಂತಿಲ್ಲ. ಜೊತೆಗೆ ಒಯ್ಯಬೇಕಾದದ್ದು ಹಿಂದಿನ ತರಗತಿಯ ಅಂಕಪಟ್ಟಿಯ ಜೆರಾಕ್ಸ್, ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿರುವ ಮಗುವಿನ ಎಸ್‌ಎಟಿಎಸ್ ನಂಬರ್, ದೇಶಕ್ಕೆಲ್ಲ ನಡೆಯುವ ಪೆನ್ (ಶಾಶ್ವತ ಶಿಕ್ಷಣ ಸಂಖ್ಯೆ) ನಂಬರ್. ನಂಬರ್‌ಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳುವ ಬದಲು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಳ್ಳಿ.

ಇಷ್ಟಾದರೂ ಎಡವುವುದು ಎರಡು ಕಡೆ. ಹಳೆಯ ಶಾಲೆಯವರು ಆನ್‌ಲೈನಿನಲ್ಲಿ ಮಗುವಿನ ಹೆಸರು ಬಿಡುಗಡೆ ಮಾಡಿರುವುದಿಲ್ಲ, ಹೊಸ ಶಾಲೆಯವರು ‘ಹೆಸರು ತಗೊಳ್ತಿಲ್ಲ’ ಎಂದು ವಾಪಸ್ ಕಳಿಸುತ್ತಾರೆ. ಕಾಯ್ದೆಯಲ್ಲಿ ಪೋರ್ಟಲ್ ಎಂಬ ಅಡ್ಡಿ ಇಲ್ಲ. ಮಗು ತರಗತಿಯಲ್ಲಿ ಕೂರಲಿ, ಹೆಸರು ಆಮೇಲೆ ಬರಲಿ ಎಂದು ಪಟ್ಟು ಹಿಡಿಯಬೇಕು. ಇನ್ನೊಂದು ಭಾಷೆ. ಮುಂಬೈ ಮಹಾನಗರ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಕೂಲಿಯವರನ್ನು ಕರೆದೊಯ್ಯುವ ಮುಕಾದಮನ ಜೊತೆ ಕೆಲಸದ ಜಾಗ ಗೊತ್ತು ಮಾಡುವಾಗಲೇ ಹತ್ತಿರದಲ್ಲಿ ಅಂಥ ಶಾಲೆ ಇದೆಯೇ ಎಂದು ಊರಿನ ಹಳಬರನ್ನು ಕೇಳುವುದು ಒಳ್ಳೆಯದು.

ಮರಳಿ ಬಂದ ಮಗುವನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲಿ ಹೆಚ್ಚಿನ ತಪ್ಪು ಆಗುತ್ತದೆ. ಹನ್ನೊಂದು ವರ್ಷದ, ಅಕ್ಷರ ಬಾರದ ಹುಡುಗನನ್ನು ಒಂದನೇ ತರಗತಿಯ ಚಾಪೆಯ ಮೇಲೆ ಕೂರಿಸಿದರೆ ಹದಿನೈದು ದಿನದಲ್ಲಿ ಅವನು ಮತ್ತೆ ಹೊಲದಲ್ಲಿರುತ್ತಾನೆ. ನಾಚಿಕೆಯನ್ನು ಯಾವ ಕರ್ತವ್ಯವೂ ಗೆಲ್ಲುವುದಿಲ್ಲ. 4ನೇ ಕಲಂ ಹೇಳುವುದು ವಯಸ್ಸಿಗೆ ತಕ್ಕ ತರಗತಿ, ಅಂದರೆ ಅವನಿಗೆ ಐದನೆಯದೋ ಆರನೆಯದೋ, ಜೊತೆಗೆ ವಿಶೇಷ ತರಬೇತಿ. ಕೇಂದ್ರದ ಮಾದರಿ ನಿಯಮಗಳಲ್ಲಿ ಆ ತರಬೇತಿ ಕನಿಷ್ಠ 3 ತಿಂಗಳು, ಹೆಚ್ಚೆಂದರೆ 2 ವರ್ಷ. ಹದಿನಾಲ್ಕು ತುಂಬಿದರೂ ಎಂಟನೇ ತರಗತಿ ಮುಗಿಯುವವರೆಗೆ ಅವನಿಗೆ ಉಚಿತ ಶಿಕ್ಷಣದ ಹಕ್ಕಿದೆ. ವಯಸ್ಸು ಮೀರಿತು ಅಂತ ಕಳಿಸಿಬಿಡುವ ಕಡೆ ಈ ಸಾಲನ್ನು ತೋರಿಸಿ.

ಇದ್ಯಾವುದೂ ಆಗದಿದ್ದರೆ ದೂರು. 32ನೇ ಕಲಮಿನ ಪ್ರಕಾರ ಲಿಖಿತ ದೂರು ಸ್ಥಳೀಯ ಪ್ರಾಧಿಕಾರಕ್ಕೆ, ಅವರು 3 ತಿಂಗಳೊಳಗೆ ಎರಡೂ ಕಡೆಯವರನ್ನು ಕೇಳಿ ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಲಿಖಿತ ಎಂಬ ಪದ ನಮ್ಮ ಕಡೆ ಸಣ್ಣದಲ್ಲ. 2011ರಲ್ಲಿ ಯಾದಗಿರಿಯ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 41ರ ಆಸುಪಾಸು ಇತ್ತು. ದೂರು ಬರೆಯಬೇಕಾದವರು ಆ ಉಳಿದ ತಾಯಂದಿರೇ. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಹೆಂಗಸರು ಇರಬೇಕೆಂಬ ನಿಯಮದ ಬೆಲೆ ಇಲ್ಲಿ ತಿಳಿಯುತ್ತದೆ. ಓದು ಬಲ್ಲ ಒಬ್ಬ ಸದಸ್ಯೆ ನಾಲ್ಕು ಜನರ ಪರವಾಗಿ ಬರೆಯಬಹುದು. ಒಂದೇ ಪುಟ ಸಾಕು: ಮಗುವಿನ ಹೆಸರು, ವಯಸ್ಸು, ಶಾಲೆ, ಏನು ಕೇಳಿದೆವು, ಯಾವ ತಾರೀಖಿಗೆ, ಏನು ಉತ್ತರ ಬಂತು, ಈಗ ಏನು ಬೇಕು. ಮೂರು ಪ್ರತಿ ಮಾಡಿ ಒಂದನ್ನು ಗ್ರಾಮ ಪಂಚಾಯಿತಿಗೆ, ಒಂದನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು, ನಿಮ್ಮ ಹತ್ತಿರ ಉಳಿಯುವ ಮೂರನೇ ಪ್ರತಿಯ ಮೇಲೆ ಸಹಿ, ಮೊಹರು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿಗೆ ಮೂರು ತಿಂಗಳ ಗಡುವು ಅನ್ವಯಿಸುವುದಿಲ್ಲ, ಮೊಹರಿನ ತಾರೀಖಿಗೆ ಅನ್ವಯಿಸುತ್ತದೆ.

ಆ ತಾರೀಖು ಯಾವುದಾಗಿರಬೇಕು ಎಂಬುದೂ ಮುಖ್ಯ. ನವೆಂಬರ್ 20ಕ್ಕೆ ಕೊಟ್ಟ ದೂರಿನ ಗಡುವು ಮುಗಿಯುವುದು ಫೆಬ್ರುವರಿ 20ಕ್ಕೆ. ಅಷ್ಟೊತ್ತಿಗೆ ಹತ್ತಿ ಮುಗಿದು ಮೆಣಸಿನಕಾಯಿ ಶುರುವಾಗಿರುತ್ತದೆ, ವಾರ್ಷಿಕ ಪರೀಕ್ಷೆ ಎದುರಿಗಿರುತ್ತದೆ. ಅದೇ ದೂರನ್ನು ಜುಲೈ 20ಕ್ಕೆ ಕೊಟ್ಟರೆ ಅಕ್ಟೋಬರ್ 20ಕ್ಕೆ ಉತ್ತರ ಬರಬೇಕು, ಮೊದಲ ಬಿಡಿಸುವಿಕೆಯ ಹೊತ್ತಿಗೆ. ಕೂಸಿನ ಮನೆಯ ಹೊತ್ತು, ವಿಶೇಷ ತರಬೇತಿ, ಟಂಟಂ ತಡೆಯುವುದು, ಇವೆಲ್ಲ ಜುಲೈನ ಅರ್ಜಿಗಳು. ವಸತಿ ನಿಲಯದಂಥ ಹಣ ಬೇಕಾದ ಕೆಲಸ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರಬೇಕು. ಆ ಯೋಜನೆಯನ್ನು ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳ ಮುಂಚೆ, ಅಂದರೆ ಡಿಸೆಂಬರ್ ಕೊನೆಯೊಳಗೆ ಸಿದ್ಧ ಮಾಡಬೇಕು. ಡಿಸೆಂಬರ್‌ನಲ್ಲಿ ಎಸ್‌ಡಿಎಂಸಿಯ ಅರ್ಧ ಸದಸ್ಯರೇ ಹೊಲದಲ್ಲಿರುತ್ತಾರೆ. ಅದಕ್ಕೆ ಆ ಠರಾವಿನ ಸಭೆಯನ್ನು ಸಂತೆಯ ದಿನ ಇಡಿ.